ಭಟ್ಟಿಯ ಹಾಡು ನೋಡಲು ಹರಪನಹಳ್ಳಿಗೆ

ಕೂಡ್ಲಿಗಿಯಲ್ಲಿ ಬೆಳಿಗ್ಗೆ ಹನ್ನೊಂದರ ಬಸ್ಸು ಹತ್ತಿದೆ. ಕೊಟ್ಟೂರಿನಲ್ಲಿ ಕೊಟ್ರಮ್ಮ ಹತ್ತಿಕೊಂಡಳು. ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟಿದ್ದಳು. ಇಪ್ಪತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿದು ಕಲೆಗಟ್ಟಿದ ಬಲಗೈ ಸೆರಗಿನೊಳಗಿತ್ತು. ಕಂಡಕ್ಟರ್ ಅವಳಿಗೆ ಸೊನ್ನೆ ಟಿಕೆಟ್ ಕೊಟ್ಟ. ಹರಪನಹಳ್ಳಿಗೆ ಇನ್ನೂ ಒಂದು ಗಂಟೆಯ ದಾರಿ. ಕಿಟಕಿಯ ಸರಳು ಆಗಲೇ ಮುಟ್ಟಲಾಗದಷ್ಟು ಕಾದಿತ್ತು.

ನಾವು ಹೊರಟದ್ದು ನಾಟಕಕ್ಕೆ. ದುಡಿಯುವವರ ಬದುಕನ್ನು ಹಾಡುಗಳಲ್ಲೇ ಹೇಳುವ ನಾಟಕ ಮಾಡುತ್ತೇವೆ, ಹಾಡು ಬರೆದುಕೊಡಿ ಎಂದು ಪಟ್ಟಣದ ತಂಡವೊಂದು ನನ್ನನ್ನು ಕೇಳಿತ್ತು. ನಿವೃತ್ತ ಮೇಷ್ಟ್ರಾದ ನನಗೆ ಅದೊಂದು ದೊಡ್ಡ ಮರ್ಯಾದೆ ಅನ್ನಿಸಿತ್ತು. ಕೊಟ್ರಮ್ಮನ ಮನೆಯ ಕಟ್ಟೆಯ ಮೇಲೆ ನಾಲ್ಕು ಮಧ್ಯಾಹ್ನ ಕೂತು ಅವಳ ಮಾತು ಬರೆದುಕೊಂಡಿದ್ದೆ. ಜೊತೆ ಕೆಲಸದ ಶಾಂತವ್ವನ ಸೆರಗಿಗೆ ಭಟ್ಟಿಯ ಬೆಂಕಿ ಹತ್ತಿ ಅವಳು ಸತ್ತದ್ದನ್ನೂ, ಮನೆಯ ಒಲೆಯಲ್ಲಿ ಸುಟ್ಟುಕೊಂಡಳೆಂದು ಮಾಲೀಕ ಪೊಲೀಸರಲ್ಲಿ ಬರೆಸಿದ್ದನ್ನೂ ಹೇಳಿದ್ದಳು. ಅದು ನಾಲ್ಕು ಜನರೆದುರು ಬರಬೇಕು ಎಂಬುದೊಂದೇ ಅವಳ ಕರಾರು.

ಶಾಂತವ್ವ ಸಾಯುವ ದೃಶ್ಯ ಕೈಬಿಟ್ಟಿದ್ದೇವೆಂದು ನಿರ್ದೇಶಕರು ವಾರದ ಹಿಂದೆಯೇ ಫೋನು ಮಾಡಿದ್ದರು. ಪ್ರದರ್ಶನದ ಖರ್ಚು ಹೊತ್ತವರು ಒಬ್ಬ ಭಟ್ಟಿ ಮಾಲೀಕರಂತೆ. ನಿಮ್ಮ ಹಾಡುಗಳು ಹಾಗೇ ಇವೆ ಅಂದರು. ನಾನು ಆಗಲಿ ಅಂದೆ.

"ಮೇಷ್ಟ್ರ, ಶಾಂತವ್ವಂದು ತೋರಿಸ್ತಾರಲ್ರಿ?" ಬಸ್ಸಿನಲ್ಲಿ ಕೊಟ್ರಮ್ಮ ಕೇಳಿದಳು.

"ನೋಡೋಣವ್ವ," ಅಂದೆ.

ಹರಪನಹಳ್ಳಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ನಾನು ರೂಢಿಯಂತೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹೇಳಿದೆ. ಅವಳು ಎರಡು ಇಡ್ಲಿ ತಿಂದಳು. ನಾಟಕ ಮೂರು ಗಂಟೆಗೆ ಶುರುವಾಯಿತು. ರಂಗದ ಮೇಲೆ ಕೆಂಪು ದೀಪದ ಭಟ್ಟಿ, ಅದರ ಸುತ್ತ ಹೊಸ ಸೀರೆಯ ಆರು ಹುಡುಗಿಯರು. ನನ್ನ ಹಾಡು ಹಾಡುತ್ತ ಮಂಡಕ್ಕಿ ತೂರಿದರು. ಜನ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರು. ನನಗೂ ಒಳಗೊಳಗೆ ಹಿಗ್ಗಾಯಿತು, ಸುಳ್ಳು ಹೇಳಲಾರೆ.

ಕೊಟ್ರಮ್ಮ ನನ್ನತ್ತ ಬಾಗಿದಳು. "ನಾವು ಹಾಡತಿದ್ದಿಲ್ರಿ. ಬಾಯಿಗೆ ಬಟ್ಟೆ ಕಟ್ಟಿಕೊಂಡಿರತಿದ್ವಿ. ಬಾಯಿ ತೆರೆದ್ರ ಬೂದಿ."

ಇದನ್ನೂ ಅವಳು ಕಟ್ಟೆಯ ಮೇಲೆ ಹೇಳಿದ್ದಳು. ಹಾಡು ಬರೆಯುವಾಗ ನಾನೇ ಬಿಟ್ಟಿದ್ದೆ.

ಕೊನೆಯ ದೃಶ್ಯದಲ್ಲಿ ಒಬ್ಬ ಹುಡುಗಿಗೆ ಬಾಸಿಂಗ ಕಟ್ಟಿ ಮದುವೆ ಮಾಡಿಸಿದರು. ಶಾಂತವ್ವ, ಶಾಂತವ್ವ ಎಂದು ಉಳಿದವರು ಸುತ್ತುಗಟ್ಟಿ ಹಾಡಿದರು. ಕೊಟ್ರಮ್ಮ ಕಣ್ಣು ಮಿಟುಕಿಸದೆ ನೋಡಿದಳು.

ಆಮೇಲೆ ಖರ್ಚು ಹೊತ್ತ ಮಾಲೀಕರಿಗೆ ಶಾಲು ಹೊದಿಸಿದರು. ಈ ಕಥೆಯ ನಿಜವಾದ ಕೊಟ್ರಮ್ಮ ನಮ್ಮ ನಡುವೆ ಇದ್ದಾರೆ, ವೇದಿಕೆಗೆ ಬರಬೇಕು ಎಂದು ಮೈಕಿನಲ್ಲಿ ಕರೆದರು.

"ನಾನು ಬಂದಿಲ್ಲ ಅಂತ ಹೇಳ್ರಿ," ಅಂದಳು.

ಎದ್ದು ನಿಂತು ಹಾಗೆಯೇ ಹೇಳಿದೆ.

"ನಿಮಗ ಮೊದ್ಲ ಗೊತ್ತಿತ್ತನ್ರಿ?" ಹೊರಗೆ ಬಂದ ಮೇಲೆ ಕೇಳಿದಳು. ಗೊತ್ತಿತ್ತು ಅಂದೆ. ಅವಳು ಬಸ್ ನಿಲ್ದಾಣದತ್ತ ನಡೆದಳು.

ಆರು ಗಂಟೆಯ ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಮುಂದಿನ ಸೀಟಿನಲ್ಲಿ ಕೂತಳು. ಅವಳ ಪಕ್ಕ ಚಿಗಟೇರಿ ಕಡೆಯ ಹೆಂಗಸೊಬ್ಬಳು. ಊರು ದಾಟುತ್ತಲೇ ಕೊಟ್ರಮ್ಮ ಆಕೆಗೆ ಶಾಂತವ್ವನ ಕಥೆ ಹೇಳತೊಡಗಿದಳು; ಸೀರೆಯ ಬಣ್ಣ, ಹತ್ತಿದ ಬೆಂಕಿ, ಮಾಲೀಕ ಬರೆಸಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಆ ಹೆಂಗಸು ನಡುದಾರಿಯಲ್ಲಿ ಇಳಿದಳು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದು ಕೂತಳು. ಕೊಟ್ರಮ್ಮ ಮತ್ತೆ ಮೊದಲಿನಿಂದ ಹೇಳಿದಳು.

ಕೊಟ್ಟೂರಿನಲ್ಲಿ ನನ್ನತ್ತ ನೋಡದೆ ಇಳಿದು ಹೋದಳು.