ವಿಭೂತಿ ಹಚ್ಚಿಸಿಕೊಂಡ ಮೋಡೆಮ್

ಆ ದಿನಗಳ ಬಗ್ಗೆ ನಾನು ಹೇಳುವುದನ್ನು ಪೂರ್ತಿ ನಂಬಬೇಡಿ, ನನಗೇ ನಂಬಿಕೆಯಿಲ್ಲ. ನನಗಾಗ ಹತ್ತು ವರ್ಷವೋ ಹನ್ನೊಂದೋ. ಅಂದು ಮಧ್ಯಾಹ್ನ ನಾನು ಅತ್ತೆನೆಂದು ನನ್ನ ನೆನಪು. ಅಕ್ಕ ಮಾತ್ರ, "ನೀ ಎಲ್ಲಿ ಅತ್ತಿ? ಹೋಳಿಗಿ ತಿನ್ನಾಕತ್ತಿದ್ದಿ" ಅನ್ನುತ್ತಾಳೆ. ವಿಭೂತಿಯ ಸಂಗತಿಯೂ ನನ್ನ ಕಟ್ಟುಕತೆಯಂತೆ; ತಂತಿ ಸಡಿಲಾಗಿತ್ತು, ಅಷ್ಟೇ ಅಂತೆ.

ಗುಳೇದಗುಡ್ಡದ ನಮ್ಮ ಮನೆಯಲ್ಲಿ ಖಂಡೆಪೂಜೆ, ಅದೇ ಆಯುಧಪೂಜೆ, ಎಂದರೆ ಮಗ್ಗದ ಸದ್ದು ನಿಲ್ಲುವ ದಿನ. ಲಾಳಿ, ಕತ್ತರಿ, ಈಳಿಗೆ ಎಲ್ಲಕ್ಕೂ ವಿಭೂತಿ, ಚೆಂಡು ಹೂ. ಪೂಜೆಯಾದದ್ದನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಆ ವರ್ಷ ಅಕ್ಕನ ಕಂಪ್ಯೂಟರೂ ಇಂಟರ್‌ನೆಟ್ಟಿನ ಮೋಡೆಮ್ ಡಬ್ಬಿಯೂ ಸಾಲಿನಲ್ಲಿ ಕೂತಿದ್ದವು. ತಂತಿ ಬಿಚ್ಚಿ ಒರೆಸಿದವಳು ಅಕ್ಕ. ವಿಭೂತಿ ಹಚ್ಚುವ ಕೆಲಸ ನನ್ನದು. ಗಟ್ಟಿಯನ್ನು ನೀರಲ್ಲಿ ತೇಯ್ದು, ಡಬ್ಬಿಯ ಮುಂದೆ ಹಿಂದೆ ಎರಡೂ ಕಡೆ ಮೂರು ಬೆರಳು ಎಳೆದೆ.

ಊಟಕ್ಕೆ ಕೂತಾಗ ಅಕ್ಕನ ಗೆಳತಿಯ ಫೋನು ಬಂತು. ಬಿ.ಎಡ್. ಅರ್ಜಿಗೆ ಕೊನೆಯ ದಿನ ನಾಳೆಯಲ್ಲ, ಇವತ್ತೇ ಸಂಜೆ ಐದು ಗಂಟೆ. ಊರಿನ ಕಂಪ್ಯೂಟರ್ ಅಂಗಡಿಗಳೆಲ್ಲ ಪೂಜೆ ಮಾಡಿ ಬಾಗಿಲು ಹಾಕಿದ್ದವು. ಅಕ್ಕ ಕೈ ತೊಳೆದು, ನಮ್ಮಪ್ಪನ ತಾಯಿಯ ಎದುರು ನಿಂತಳು.

"ಆಯಿ, ಮುಟ್ಟಲಿ?"

ಆಯಿ ಹೋಳಿಗೆಗೆ ತುಪ್ಪ ಹಾಕುತ್ತಲೇ ಇದ್ದಳು. "ಹಚ್ಚಿದ್ದು ವಿಭೂತಿ, ಕೀಲಿ ಅಲ್ಲ. ಹೋಗು, ಬರಿ."

ಅಕ್ಕ ತಂತಿ ಜೋಡಿಸಿದಳು. ನೆಟ್ ಇಲ್ಲ. ಆರಿಸಿ, ಮೂವತ್ತು ಎಣಿಸಿ, ಮತ್ತೆ ಹಾಕಿದಳು. ಇಲ್ಲ. ಆಯಿಯ ಹಿಂದೆಯೇ ಅಪ್ಪನೂ ಎದ್ದು ಬಂದ. ಕಂಪ್ಯೂಟರಿನ ಗಂಧಗಾಳಿ ಇಲ್ಲದವನು.

"ಒಂದ ತುದಿಂದ ನೋಡಕೋತ ಬಾರವಾ. ಎಳಿ ಹರದ ಕಡೆ ತಾನ ಸಿಗತೈತಿ."

ಅಕ್ಕ ಗೋಡೆಯಿಂದ ಶುರು ಮಾಡಿದಳು. ಫೋನಿನಲ್ಲಿ ಸದ್ದು ಇದೆ. ಡಬ್ಬಿಯ ಮೇಲೆ ಕರೆಂಟಿನ ದೀಪ ಇದೆ, ಲೈನಿನ ದೀಪ ಇದೆ, ಇಂಟರ್‌ನೆಟ್ಟಿನದೂ ಇದೆ. ಕಂಪ್ಯೂಟರಿಗೆ ಹೋಗುವ ತಂತಿಯ ದೀಪ ಮಾತ್ರ ಇಲ್ಲ.

"ಹಂಗಾರ ಎಳಿ ಇಲ್ಲೇ ಹರದೈತಿ" ಅಂದ ಅಪ್ಪ.

ನಾನು ಅಳುತ್ತಲೇ ಡಬ್ಬಿಯ ಹಿಂಬದಿಗೆ ಬೆರಳು ತೋರಿಸಿದೆ. "ಅಕ್ಕಾ, ಹಿಂದಿನ ತೂತಿನ ಮ್ಯಾಲೂ ಹಚ್ಚೇನಿ."

ಅಕ್ಕ ನನ್ನನ್ನು ಒಮ್ಮೆ ನೋಡಿದಳು. "ಶ್ಯಾಣ್ಯಾ ಅದಿ ಬಿಡು" ಎಂದು ತಂತಿ ಕಿತ್ತು ಪಕ್ಕದ ತೂತಿಗೆ ಸಿಕ್ಕಿಸಿದಳು. ಟಕ್ ಎಂದಿತು. ಹಸಿರು ದೀಪ ಹತ್ತಿತು. ಉಸಿರು ಬಿಟ್ಟವರು ನಾವು ನಾಲ್ಕೂ ಮಂದಿ. ಐದಕ್ಕೆ ಇನ್ನೂ ಹೊತ್ತಿತ್ತು, ಅರ್ಜಿ ಹೋಯಿತು. ಅಕ್ಕ ಈಗ ಹುನಗುಂದದ ಕಡೆ ಒಂದು ಸಾಲೆಯಲ್ಲಿ ಟೀಚರು.

ಇವತ್ತು ಬಾಗಲಕೋಟೆಯ ನನ್ನ ಮನೆಯಲ್ಲಿ ವೈಫೈ ನಿಂತರೆ ಕಂಪನಿಗೆ ಫೋನು ಹಚ್ಚಿ, ಆಚೆ ಕಡೆಯ ಹಾಡು ಕೇಳುತ್ತ ಒಬ್ಬನೇ ಕೂಡುತ್ತೇನೆ. ಒಂದು ಪುಟ್ಟ ದೀಪಕ್ಕಾಗಿ ಇಡೀ ಮನೆ ಬಗ್ಗಿ ನೋಡುವುದಿಲ್ಲ. ಕೇಳಿ ಮುಟ್ಟೋಣವೆಂದರೆ ಆಯಿಯೂ ಇಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಅಟ್ಟ ಹತ್ತಿ ಆ ಡಬ್ಬಿ ಹುಡುಕಿದೆ. ಅಂದು ನಾನು ಅತ್ತೆನೋ ಇಲ್ಲವೋ, ಆ ಲೆಕ್ಕದಲ್ಲಿ ಅಕ್ಕನೇ ಗೆಲ್ಲಲಿ. ಟಾರ್ಚ್ ಬಿಟ್ಟು ಹಿಂಬದಿ ನೋಡಿದೆ: ನಾಲ್ಕು ತೂತುಗಳಲ್ಲಿ ಮೂರು ಸ್ವಚ್ಛ, ಮೊದಲನೆಯದರ ಒಳಗೆ ಬಿಳಿ ವಿಭೂತಿ ಒಣಗಿ ಗಟ್ಟಿಯಾಗಿ ಕೂತಿದೆ.