ಹನೂರಿನಲ್ಲಿ ‘ಹ್ಯಾವ್’ ಕಲಿತ ದಿನ

ಮೊಮ್ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ನನಗೆ ಬರುತ್ತಿದ್ದ ಇಂಗ್ಲಿಷ್ ಒಂದು ಬೊಗಸೆಯಲ್ಲಿ ಹಿಡಿಸುವಷ್ಟಿತ್ತು. ಎ ಬಿ ಸಿ ಡಿ, ಹತ್ತಾರು ಪ್ರಾಣಿಗಳ ಹೆಸರು, ನೂರರವರೆಗೆ ಎಣಿಕೆ, ಮತ್ತು ‘ಈಸ್’ ಎಂಬ ಒಂದೇ ಒಂದು ಕ್ರಿಯಾಪದ. ‘ಈಸ್’ ಅಂದರೆ ‘ಇದೆ’ ಎಂದು ಅಜ್ಜೀಪುರದ ಶಾಲೆಯಲ್ಲಿ ಕಲಿತಿದ್ದೆ. ಕನ್ನಡದಲ್ಲಿ ಎಲ್ಲೆಲ್ಲಿ ‘ಇದೆ’ ಬರುತ್ತದೋ ಅಲ್ಲೆಲ್ಲ ‘ಈಸ್’ ಹಾಕಿಬಿಟ್ಟರೆ ಅದೇ ಇಂಗ್ಲಿಷ್ ಎಂದು ನಂಬಿಕೊಂಡಿದ್ದೆ.

ಏಳನೇ ತರಗತಿ ಮುಗಿಸಿದ ವರ್ಷವೇ ಅವ್ವ ಹಾಸಿಗೆ ಹಿಡಿದಳು. ಅಪ್ಪ, ಅಕ್ಕ ಹೊಲಕ್ಕೆ ಹೋದರೆ ಅವ್ವನ ಆರೈಕೆ, ಅಡುಗೆ, ದನಗಳ ನೀರು ಎಲ್ಲ ನನ್ನ ಪಾಲಿಗೆ ಬಂತು. ಹಾಗೇ ಎರಡು ವರ್ಷ ಕಳೆಯಿತು. ಅವ್ವ ತಾನೇ ಎದ್ದು ಒಲೆ ಹಚ್ಚಿದ ದಿನ ನಾನು ಅಪ್ಪನ ಮುಂದೆ ನಿಂತು, “ನಾನು ಎಂಟನೇ ಕ್ಲಾಸು ಓದ್ಬೇಕು” ಎಂದೆ. ಎಂಟನೇ ತರಗತಿಗೆ ಹನೂರಿಗೇ ಹೋಗಬೇಕಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದು, “ನಡಿಯವ್ವ” ಎಂದ. ಅಕ್ಕ ನನ್ನ ತಲೆಗೆ ಹರಳೆಣ್ಣೆ ಸುರಿದು, ಕಣ್ಣು ಮೇಲಕ್ಕೆ ಹೋಗುವಷ್ಟು ಬಿಗಿಯಾಗಿ ಎರಡು ಜಡೆ ಹಾಕಿದಳು.

ಮಾದಪ್ಪನ ಬೆಟ್ಟದಿಂದ ಇಳಿದು ಬಂದ ಬಸ್ಸಿನ ತುಂಬ ಭಕ್ತರು. ವಿಭೂತಿ, ಬೆವರು, ಲಾಡು ಎಲ್ಲ ಸೇರಿದ ವಾಸನೆಯಲ್ಲಿ ಅಪ್ಪನ ತೋಳು ಹಿಡಿದು ನಿಂತೇ ಹನೂರು ತಲುಪಿದೆ. ಹೈಸ್ಕೂಲಿನಲ್ಲಿ ತಿಳಿಯಿತು, ಸೇರಿಸಿಕೊಳ್ಳುವುದಕ್ಕೆ ಅದೇ ಕೊನೆಯ ದಿನ.

ಹೆಡ್ ಮೇಷ್ಟ್ರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಎರಡು ವರ್ಷ ಪುಸ್ತಕ ಮುಟ್ಟಿಲ್ಲ. ಇಲ್ಲಿ ಇಂಗ್ಲಿಷ್ ಕಷ್ಟ ಆಗುತ್ತಲ್ಲಮ್ಮ. ಎಲ್ಲಿ, ನಿಮ್ಮ ಮನೆ ವಿಷಯ ಇಂಗ್ಲಿಷಿನಲ್ಲಿ ಒಂದು ಮಾತು ಹೇಳು” ಎಂದರು.

ನಮ್ಮಪ್ಪನಿಗೆ ಎರಡು ಎತ್ತು ಇವೆ ಎಂದು ಹೇಳೋಣ ಅನ್ನಿಸಿತು. ಎದೆ ಸೆಟೆದು, ಗಟ್ಟಿಯಾಗಿ ಹೇಳಿದೆ: “ಮೈ ಫಾದರ್ ಈಸ್ ಟೂ ಬುಲ್ಸ್.”

ಮೂಲೆಯ ಮೇಜಿನ ಗುಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳ ಇಂಗ್ಲಿಷ್ ಕೇಳಿ ಅವರಿಗೆ ಸಂತೋಷವಾಗಿದೆ ಎಂದುಕೊಂಡು, ಬಾಗಿಲ ಹತ್ತಿರ ಟವೆಲು ಕಂಕುಳಲ್ಲಿ ಹಿಡಿದು ನಿಂತಿದ್ದ ಅಪ್ಪನೂ ನಕ್ಕ. ಹೆಡ್ ಮೇಷ್ಟ್ರು ಮಾತ್ರ ನಗಲಿಲ್ಲ. ನನ್ನನ್ನು ಹತ್ತಿರ ಕರೆದು, ಅಪ್ಪನಿಗೆ ಕೇಳಿಸದ ಹಾಗೆ, “ನಿಮ್ಮಪ್ಪನೇ ಎರಡು ಎತ್ತು ಅಂದ ಹಾಗಾಯಿತು ಮಗು” ಎಂದರು. ಒಂದು ಚೀಟಿಯಲ್ಲಿ ಹ್ಯಾವ್, ಹ್ಯಾಸ್, ಹ್ಯಾಡ್ ಎಂದು ಬರೆದುಕೊಟ್ಟರು. “ಈ ಒಂದು ಕ್ರಿಯಾಪದ ಕಲಿತು ಬಾ. ನಾಲ್ಕು ಗಂಟೆಗೆ ಆಫೀಸು ಮುಚ್ಚುತ್ತೇವೆ.”

ಹೊರಗೆ ಹೊಂಗೆ ಮರದ ಕೆಳಗೆ ಬಂದಾಗ ಅಪ್ಪನ ಮುಖದಲ್ಲಿ ಇನ್ನೂ ನಗು ಇತ್ತು. “ಆಯ್ತಂತಾ?” ಎಂದು ಕೇಳಿದ. ನನಗೆ ಅಳು ತಡೆಯಲಾಗಲಿಲ್ಲ. ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. “ಎತ್ತು ಅಂದ್ರೆ ಅಂದೆ ಬುಡು. ಗೇಯ್ದು ಗೇಯ್ದು ಎತ್ತೇ ಆಗಿವ್ನಿ. ಆದ್ರೆ ಏನು ಎತ್ತ ಗೊತ್ತಿಲ್ದೆ ಅವ್ರ ಜತೆ ನಾನೂ ನಕ್ಬುಟ್ನಲ್ಲ, ಅದು ಸರಿಗಿಲ್ಲ ಕಣವ್ವ. ನಡಿ. ಅದೇನು ಮಾತೋ ಅದ್ನ ಕಲೀದೆ ಇವತ್ತು ಊರಿಗೆ ಓಗದಿಲ್ಲ.”

ಹನೂರಿನಲ್ಲಿ ಇಂಗ್ಲಿಷ್ ಬಲ್ಲವರೆಂದು ಅಪ್ಪನಿಗೆ ಗೊತ್ತಿದ್ದದ್ದು ಒಬ್ಬರೇ, ಅವ್ವನಿಗೆ ತಿಂಗಳುಗಟ್ಟಲೆ ಸೂಜಿ ಚುಚ್ಚಿದ್ದ ಆಸ್ಪತ್ರೆಯ ನರ್ಸಮ್ಮ. ಅವರು ಪಾಲಾರ್ ಕಡೆಯವರು, ಮನೆಮಾತು ತಮಿಳು. ಪ್ರೀತಿ ಬಂದರೆ ಯಾರನ್ನಾದರೂ ‘ಕಣ್ಣು’ ಎಂದೇ ಕರೆಯುತ್ತಿದ್ದರು. ನಾವು ಹೋದಾಗ ಆಸ್ಪತ್ರೆಯ ಜಗಲಿಯಲ್ಲಿ ಉದ್ದನೆಯ ಸಾಲು. ಒಳಗೆ ಸ್ಟೌವಿನ ಮೇಲೆ ಸೂಜಿಗಳು ಕೊತಕೊತ ಕುದಿಯುತ್ತಿದ್ದವು. ಸ್ಪಿರಿಟ್ಟಿನ ವಾಸನೆ ಮೂಗಿಗೆ ಅಡರುತ್ತಿತ್ತು.

ಅಪ್ಪ ಕೈ ಮುಗಿದು ವಿಷಯ ಹೇಳಿದ. ನರ್ಸಮ್ಮ ಚೀಟಿ ನೋಡಿದರು, ಸಾಲು ನೋಡಿದರು, ಗಡಿಯಾರ ನೋಡಿದರು. “ಕೂರಿಸ್ಕಂಡು ಹೇಳಿಕೊಡಾಕೆ ನಂಗೆ ಟೈಮಿಲ್ಲ ಕಣ್ಣು. ನನ್ನ ಹಿಂದೇನೇ ಓಡಾಡು. ನಾನು ಯಾರನ್ನ ನೋಡ್ತೀನೋ ಅವ್ರ ಮೇಲೆ ಒಂದೊಂದು ಮಾತು ಹೇಳು” ಎಂದರು.

ಮೊದಲನೆಯವರು ಬೆಟ್ಟಕ್ಕೆ ಬರಿಗಾಲಲ್ಲಿ ಹೊರಟಿದ್ದ ಯಾತ್ರಿಕರು. ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. “ಹಿ ಹ್ಯಾಸ್ ಬ್ಲಿಸ್ಟರ್ಸ್” ಎಂದು ನರ್ಸಮ್ಮ ಹೇಳಿದರು, ನಾನೂ ಹೇಳಿದೆ. ಮುಂದೆ ಒಬ್ಬಾಕೆಗೆ ಜ್ವರ. ನಾನು “ಶಿ ಈಸ್ ಫೀವರ್” ಎಂದೆ. “ಅವಳೇ ಜ್ವರನಾ? ಅವಳಿಗೆ ಜ್ವರನಾ?” ಎಂದು ಗದರಿದರು. “ಶಿ ಹ್ಯಾಸ್ ಫೀವರ್.” ಕೆಮ್ಮುವವರು, ಹೊಟ್ಟೆನೋವಿನವರು, ಕಣ್ಣು ಕೆಂಪಾದವರು, ಒಬ್ಬೊಬ್ಬರ ಮುಂದೆಯೂ ನಿಂತು ಹ್ಯಾಸ್, ಹ್ಯಾಸ್ ಎಂದೆ. ಅವರೆಲ್ಲ ನನ್ನನ್ನು ಚಿಕ್ಕ ಡಾಕ್ಟರಮ್ಮ ಎಂದುಕೊಂಡರೋ ಏನೋ, ನಾಲಿಗೆ ಚಾಚಿ ನನಗೂ ತೋರಿಸಿದರು.

ಜಗಲಿಯ ಮೇಲೆ ಅಪ್ಪನೂ ಸುಮ್ಮನೆ ಕೂತಿರಲಿಲ್ಲ. ನನಗೆ ಮರೆತರೆ ಇರಲಿ ಎಂದು ತಾನೂ ಬಾಯಿಪಾಠ ಮಾಡುತ್ತಿದ್ದ. ನಮ್ಮ ಕಡೆಯವರ ಬಾಯಲ್ಲಿ ‘ಹ’ ನಿಲ್ಲುವುದಿಲ್ಲವಲ್ಲ. “ಆವು, ಆಸು, ಆಡು. ಆವು, ಆಸು, ಆಡು” ಎನ್ನುತ್ತಿದ್ದ. ಪಕ್ಕದಲ್ಲಿದ್ದ ಬೊಚ್ಚುಬಾಯಿಯ ಅಜ್ಜಿ ದಡಕ್ಕನೆ ಎರಡೂ ಕಾಲು ಮೇಲೆತ್ತಿಕೊಂಡು, “ಅಯ್ಯೋ, ಆವಾ? ಎಲ್ಲೈತ್ಲಾ?” ಎಂದು ಕೂಗಿತು. ಹಾವು ಬಂತೆಂದು ಅರ್ಧ ಸಾಲು ಚದುರಿಹೋಯಿತು. ಈ ಸಲ ನಕ್ಕಾಗ ಅಪ್ಪನಿಗೆ ತಾನು ಯಾಕೆ ನಗುತ್ತಿದ್ದೇನೆಂದು ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಂದುಬಿಟ್ಟಿತು ಎಂದುಕೊಂಡೆ. ಆಗ ನರ್ಸಮ್ಮ, “ಹ್ಯಾವ್ ಯು ಈಟನ್?” ಎಂದು ಕೇಳಿದರು. ನನ್ನ ಹತ್ತಿರ ಏನಿದೆ ಎಂದು ಕೇಳುತ್ತಿದ್ದಾರೆಂದು ಖಾಲಿ ಕೈ ತೋರಿಸಿದೆ. “ಉಂಡಾಯ್ತಾ ಅಂತ ಕೇಳ್ದೆ ಕಣ್ಣು. ಆಗಿಹೋದ ಕೆಲಸಕ್ಕೂ ಇದೇ ಹ್ಯಾವ್.” ಒಂದು ಬನ್ನು ಕೊಟ್ಟು, “ಹ್ಯಾವ್ ದಿಸ್” ಎಂದರು. ಈಗ ಹ್ಯಾವ್ ಅಂದರೆ ತಿನ್ನು! ನನಗೆ ರೇಗಿತು. ಇರುವುದಕ್ಕೂ ಅದೇ, ಆದದ್ದಕ್ಕೂ ಅದೇ, ತಿನ್ನುವುದಕ್ಕೂ ಅದೇ ಆದರೆ ಮನುಷ್ಯರು ಕಲಿಯುವುದು ಹೇಗೆ? ಕಣ್ಣೀರಿನ ಜೊತೆ ಬನ್ನು ನುಂಗಿದೆ. ಆದರೆ ಎದ್ದು ಹೋಗಲಿಲ್ಲ. ಸಾಲಿನ ಕೊನೆಯವರೆಗೂ ನರ್ಸಮ್ಮನ ಹಿಂದೆಯೇ ನಡೆದೆ. ಕೊನೆಗೆ ಅವರು ಕೈ ತೊಳೆಯುತ್ತ ಇನ್ನೊಂದು ಹೇಳಿದರು: “ಐ ಹ್ಯಾವ್ ಟು ಗೋ. ಅಂದ್ರೆ, ನಾನು ಹೋಗ್ಲೇಬೇಕು. ಬರೀ ಆಸೆ ಅಲ್ಲ, ಹೋಗದೆ ಬೇರೆ ದಾರಿ ಇಲ್ಲ. ಓಡು, ನಾಲ್ಕಾಗ್ತಾ ಬಂತು.”

ನಾವು ಓಡಿದೆವು. ಬಿಸಿಲಿಗೆ ರಸ್ತೆಯ ಧೂಳು ಕೆಂಡದಂತಿತ್ತು. ಶಾಲೆ ತಲುಪಿದಾಗ ಗುಮಾಸ್ತರು ಆಫೀಸಿನ ಬಾಗಿಲು ಎಳೆದುಕೊಂಡಿದ್ದರು, ಕೈಯಲ್ಲಿ ಬೀಗ. “ಮುಗೀತಮ್ಮ. ಮುಂದಿನ ವರ್ಷ ಬಾ” ಎಂದರು. ನಾನು ಅವರಿಗೂ ಬಾಗಿಲಿಗೂ ನಡುವೆ ಹೋಗಿ ನಿಂತೆ. ಉಸಿರು ಮೇಲಕ್ಕೂ ಕೆಳಕ್ಕೂ ಆಗುತ್ತಿತ್ತು. “ಸರ್, ಐ ಹ್ಯಾವ್ ಕಮ್!” ಎಂದು ಕೂಗಿದೆ.

ಸೈಕಲ್ಲಿನ ಸ್ಟ್ಯಾಂಡು ತೆಗೆಯುತ್ತಿದ್ದ ಹೆಡ್ ಮೇಷ್ಟ್ರು ತಿರುಗಿ ನೋಡಿದರು. ಸ್ಟ್ಯಾಂಡು ಮತ್ತೆ ಹಾಕಿ ಮೆಟ್ಟಿಲ ಹತ್ತಿರ ಬಂದರು. “ಸರಿ, ಹೇಳು.”

“ಮೈ ಫಾದರ್ ಹ್ಯಾವ್...” ನಾಲಿಗೆ ಕಚ್ಚಿಕೊಂಡೆ. ಅಪ್ಪ ಮೆಟ್ಟಿಲ ಕೆಳಗೆ ಕಣ್ಣು ಮುಚ್ಚಿ ನಿಂತಿದ್ದ. “ಮೈ ಫಾದರ್ ಹ್ಯಾಸ್ ಟೂ ಬುಲ್ಸ್. ಐ ಹ್ಯಾವ್ ಒನ್ ಸಿಸ್ಟರ್. ಮೈ ಮದರ್ ಹ್ಯಾಡ್ ಫೀವರ್.”

“ಇನ್ನೊಂದು. ಇದು ಯಾರೂ ಹೇಳಿಕೊಡದ್ದು ಆಗಿರಬೇಕು.”

ನಾನು ಗುಮಾಸ್ತರ ಕೈಯಲ್ಲಿದ್ದ ಬೀಗವನ್ನೇ ನೋಡುತ್ತ ಹೇಳಿದೆ: “ಐ ಹ್ಯಾವ್ ಟು ಸ್ಟಡಿ, ಸರ್.”

“ಹ್ಯಾವ್ ಟು ಅಂದರೆ ಏನು ಗೊತ್ತಾ?”

“ಗೊತ್ತು ಸಾ. ಓದ್ಲೇಬೇಕು. ಬೇರೆ ದಾರಿ ಇಲ್ಲ.”

ಹೆಡ್ ಮೇಷ್ಟ್ರು ಗುಮಾಸ್ತರ ಕಡೆ ತಿರುಗಿ, “ಬಾಗಿಲು ತೆಗೀರಿ” ಎಂದರು. ಆ ಗುಮಾಸ್ತರೇ ನನ್ನ ಹೆಸರನ್ನು ದಪ್ಪ ರಿಜಿಸ್ಟರಿನಲ್ಲಿ ದುಂಡಾಗಿ ಬರೆದರು. ಅಪ್ಪ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಒರೆಸಿಕೊಳ್ಳದೆ ಊರಿನವರೆಗೂ ಹಾಗೇ ಇಟ್ಟುಕೊಂಡ.

ಈಗ ನಾನು ಕೊಳ್ಳೇಗಾಲದಲ್ಲಿ ನಿಮ್ಮ ಜೊತೆ ಇದ್ದೇನೆ. ನಿಮ್ಮನ್ನು ಶಾಲೆಯ ವ್ಯಾನು ಬಾಗಿಲಿಗೇ ಬಂದು ಕರೆದೊಯ್ಯುತ್ತದೆ. ಒಂದು ಕ್ರಿಯಾಪದಕ್ಕೆ ವಾಕ್ಯ ಬೇಕೆಂದರೆ ಫೋನನ್ನು ಕೇಳುತ್ತೀರಿ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಇಪ್ಪತ್ತು ಕೊಡುತ್ತದೆ. ಇಂಗ್ಲಿಷ್ ನಿಮ್ಮ ಬಾಯಲ್ಲಿ ನೀರಿನ ಹಾಗೆ ಹರಿಯುತ್ತದೆ. ನನಗೆ ಅದನ್ನು ಕೇಳುವುದೇ ಸಂತೋಷ.

ಮೊನ್ನೆ ಕನ್ನಡ ಹೋಂವರ್ಕಿಗೆಂದು ನಿಮ್ಮಲ್ಲಿ ದೊಡ್ಡವಳು ಯಳಂದೂರಿನ ಮಾವನಿಗೆ ಕಾಗದ ಬರೆದಳು. ‘ನಾನು ಒಬ್ಬಳು ತಂಗಿಯನ್ನು ಹೊಂದಿದ್ದೇನೆ’ ಎಂದಿತ್ತು. ನಾನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಂಗ್ಲಿಷಿನವರು ಬೇಕಾದರೆ ತಂಗಿಗೂ ಹ್ಯಾವ್ ಹಾಕಲಿ, ನಮ್ಮ ಮಾತಿನಲ್ಲಿ ತಂಗಿಯನ್ನು ಯಾರೂ ಹೊಂದುವುದಿಲ್ಲ, ತಂಗಿ ಇರುತ್ತಾಳೆ ಎಂದೆ. ಅವಳು ತುಟಿ ಕಚ್ಚಿಕೊಂಡು ಯೋಚಿಸಿದಳು. ಹಾಳೆ ಹರಿದು ಹಾಕಿ, ಹೊಸ ಹಾಳೆಯಲ್ಲಿ ಬರೆದು, ಗಟ್ಟಿಯಾಗಿ ಓದಿದಳು: “ನನಗೆ ಒಬ್ಬಳು ತಂಗಿ ಇದ್ದಾಳೆ.”

ಒಳಕೋಣೆಯಿಂದ ಚಿಕ್ಕವಳು ಕೂಗಿದಳು: “ಇಲ್ಲೇ ಇದ್ದೀನಲ್ಲಾ, ಯಾಕೆ ಕರೀತಿದ್ದೀಯಾ?”