ಮೊದಲ ಅಚ್ಚಿನ ಬೆಲ್ಲ

ನಾನು ನಿಂತಿದ್ದದ್ದು ಮದ್ದೂರಿನ ಕೋರ್ಟಿನ ಜಗಲಿಯಲ್ಲಿ, ಮೆಟ್ಟಿಲ ಪಕ್ಕದ ಕಂಬಕ್ಕೆ ಒರಗಿಕೊಂಡು. ಆಗ ನಾಲ್ಕನೇ ಕ್ಲಾಸು. ಸಂಕ್ರಾಂತಿ ಕಳೆದು, ಆಲೆಮನೆಯ ಹೊಗೆ ನಮ್ಮ ಬಟ್ಟೆಗೂ ಹತ್ತುತ್ತಿದ್ದ ದಿನಗಳು ಅವು.

ಅಪ್ಪ ಅವ್ವ ಬೇರೆಯಾಗಿ ಆಗಲೇ ಎರಡು ವರ್ಷವಾಗುತ್ತ ಬಂದಿತ್ತು. ನಾನೂ ಅವ್ವನೂ ವೈದ್ಯನಾಥಪುರದಲ್ಲಿ ಅಜ್ಜಿಯ ಮನೆಯಲ್ಲಿದ್ದೆವು, ಅಪ್ಪ ಪೂರಿಗಾಲಿಯಲ್ಲಿ. ಮೊದಮೊದಲು ಅಪ್ಪ ಭಾನುವಾರ ತಪ್ಪದೆ ಬರುತ್ತಿದ್ದ. ಅಂಗಳದಲ್ಲಿ ನನ್ನ ಜೊತೆ ಗೋಲಿ ಆಡಿ ಬೇಕೆಂದೇ ಸೋಲುತ್ತಿದ್ದ. ಅವ್ವ ಮುಖ ಕೊಡದಿದ್ದರೂ ಮಜ್ಜಿಗೆ ತಂದಿಡುತ್ತಿದ್ದಳು.

"ಉಪ್ಪು ಜಾಸ್ತಿ ಕಣಮ್ಮಿ."

"ಕುಡಿಯಂಗಿದ್ರೆ ಕುಡಿ, ಇಲ್ದಿದ್ರೆ ಬುಡು."

ನನಗೆ ಅಷ್ಟು ಸಾಕಾಗಿತ್ತು. ಕಬ್ಬು ಗಾಣಕ್ಕೆ ಬಿದ್ದಾಗ ಮೊದಲ ಅಚ್ಚು ಬೆಲ್ಲವನ್ನು ಮನೆಯ ಮಕ್ಕಳ ಕೈಗೆ ಕೊಡುವುದು ಅಪ್ಪನ ಮನೆಯ ಪದ್ಧತಿ. ಬೇರೆಯಾದ ಮೊದಲ ವರ್ಷವೂ ತಂದುಕೊಟ್ಟಿದ್ದ.

ಡೈವೋರ್ಸಿಗೆ ಅರ್ಜಿ ಹಾಕಿದ ಮೇಲೆ ನಮ್ಮ ವಕೀಲರು, "ಕೇಸು ಮುಗಿಯೋವರೆಗೂ ಅವರ ಹತ್ರ ಮಾತುಕತೆ ಬೇಡ" ಎಂದರು. ಅವ್ವ ಬಾಗಿಲನ್ನೇ ಹಾಕಿಕೊಂಡಳು. ಭಾನುವಾರಗಳು ನಿಂತವು. ವಾಯ್ದೆಯ ಮೇಲೆ ವಾಯ್ದೆ ಬಿದ್ದು ಮತ್ತೊಂದು ಕಬ್ಬಿನ ಕಾಲ ಬಂತು.

ಅವತ್ತು ಜಡ್ಜು ನನ್ನನ್ನೂ ಕರೆತರಲು ಹೇಳಿದ್ದರು. ಅವರ ಮುಂದೆ ನಿಂತು ಹೊರಗೆ ಬಂದಾಗ ಅಪ್ಪ ಬಾಳೆಲೆಯ ಪೊಟ್ಟಣ ಹಿಡಿದು ಹತ್ತಿರ ಬಂದ. ಎಲೆ ಬಾಡಿತ್ತು, ಹೊಸ ಬೆಲ್ಲದ ಘಮ ಹಾಗೇ ಇತ್ತು.

"ತಗಳ್ಲಾ ಮಗ, ಮೊದಲ್ನೇ ಅಚ್ಚು."

ಕೈ ಚಾಚಿದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು.

"ಇಸ್ಕಬ್ಯಾಡ ಕಣ್ಲಾ. ಇಸ್ಕಂಡ್ರೆ ರಾಜಿ ಆದಂಗಾಯ್ತದೆ."

"ಮಗೀಗೆ ಕಣಮ್ಮಿ ಅವ್ನು ಕೊಡ್ತಿರಾದು" ಎಂದಳು ನಮ್ಮ ಜೊತೆ ಬಂದಿದ್ದ ಅಜ್ಜಿ.

"ನನ್ ಮಗೀಗೆ ಬೆಲ್ಲ ಕೊಡಕ್ಕೂ ಕೋರ್ಟ್ನ ಕೇಳ್ಬೇಕಾ?" ಎಂದ ಅಪ್ಪ. ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಬೈಕು ಹತ್ತಿ ಹೊರಟುಹೋದ.

ಆಮೇಲೆ ವಕೀಲರು ಹೊರಗೆ ಬಂದರು. ನಡೆದದ್ದನ್ನು ಅಜ್ಜಿಯಿಂದ ಕೇಳಿ, "ಅಯ್ಯೋ ತಾಯಿ, ಕೇಸಿನ ವಿಚಾರ ಮಾತಾಡ್ಬೇಡಿ ಅಂದೆ. ಮಗುಗೆ ಬೆಲ್ಲ ಕೊಡಬಾರದು ಅಂದೆನಾ?" ಎಂದರು.

ಅವ್ವ ರಸ್ತೆಯ ಕಡೆ ನೋಡಿದಳು. ಬೈಕು ಕಾಣಲಿಲ್ಲ. ಪೊಟ್ಟಣಕ್ಕೆ ಆಗಲೇ ಇರುವೆ ಹತ್ತಿದ್ದವು.

ತೀರ್ಪು ಬರುವ ಹೊತ್ತಿಗೆ ನಾನು ಹೈಸ್ಕೂಲು. ಅಪ್ಪ ನನ್ನನ್ನು ಬಂದು ನೋಡಬಹುದೆಂದು ಅದರಲ್ಲಿತ್ತು. ಬಂದ, ರಸ್ತೆಯಲ್ಲೇ ನಿಂತು ನೋಡಿಕೊಂಡು ಹೋದ. ಬೆಲ್ಲ ತರಲಿಲ್ಲ. ಅವ್ವ ಮಜ್ಜಿಗೆ ಇಡಲಿಲ್ಲ. ಬೇರೆಯಾಗಿಯೂ ಬಾಳುವುದನ್ನು ಅವರಿಬ್ಬರೂ ಒಂದು ವರ್ಷ ಕಲಿತಿದ್ದರು. ತೀರ್ಪಿಗೆ ಕಾಯುತ್ತ ಅದನ್ನು ಮರೆತರು.

ಆ ಜಗಲಿಯಲ್ಲಿ ಇದ್ದವರ ಪೈಕಿ ಅಜ್ಜಿ ತೀರಿಕೊಂಡಳು, ವಕೀಲರೂ ಈಗಿಲ್ಲ. ಅವ್ವ ಇದ್ದಾಳೆ. ಅಪ್ಪನೂ ಇದ್ದಾನೆ, ಪೂರಿಗಾಲಿಯಲ್ಲಿ, ಎರಡು ಬಸ್ಸಿನ ದಾರಿ.